ಕಂಚಿನ ಕಂಠ ಎಂದರೆ ದಪ್ಪ ಕಂಠವಲ್ಲ, ಮೇಷ್ಟ್ರೇ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ವಯಸ್ಸು 43. ಹದಿನೈದು ವರ್ಷದಿಂದ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನ ಪಾತ್ರ ಮಾಡುತ್ತಿದ್ದೇನೆ. ಕಳೆದ ವರ್ಷ ದಾವಣಗೆರೆಯಲ್ಲಿ ಆಡಿದಾಗ ಒಬ್ಬ ವಿಮರ್ಶಕರು ನೋಡಿ, ನನ್ನದು ಪಾಶ್ಚಾತ್ಯ ಸಂಗೀತ ನಾಟಕವಾದ ಆಪೆರಾದ ಬ್ಯಾರಿಟೋನ್ ಗಾಯಕರಿಗೆ ಇರುವಂಥ ಕಂಚಿನ ಕಂಠ ಎಂದು ಪತ್ರಿಕೆಯಲ್ಲಿ ಬರೆದರು. ಅದೇನೆಂದು ತಿಳಿಯಲು ಮೊಬೈಲಿನಲ್ಲಿ ಹುಡುಕಿದೆ. ರಷ್ಯಾದ ದ್ಮಿತ್ರಿ ಹ್ವೊರೊಸ್ತೊವ್‌ಸ್ಕಿ ಎಂಬುವರ ಹಾಡು ಸಿಕ್ಕಿತು, ಹುಚ್ಚೇ ಹಿಡಿಯಿತು. ಅವರಂತೆ ದನಿಯನ್ನು ಆಳಕ್ಕೆ ಇಳಿಸಿ ದಿನಾ ಅಭ್ಯಾಸ ಮಾಡಿದೆ. ಮೊದಲೆಲ್ಲ ಬೆಳಗಿನ ಜಾವದವರೆಗೂ ದನಿ ನಿಲ್ಲುತ್ತಿತ್ತು, ಈಗ ಅರ್ಧ ನಾಟಕಕ್ಕೇ ಒಡೆಯುತ್ತದೆ. ತಾರಕಕ್ಕೆ ಹೋದರೆ ಬರೀ ಗಾಳಿ. ಐದು ವಾರದಿಂದ ಪಾಠ ಮಾಡುವಾಗಲೂ ಒಡಕು ದನಿಯೇ. ಹಸಿ ಮೊಟ್ಟೆ, ಬಜೆ, ಅತಿಮಧುರ ಎಲ್ಲ ಆಯಿತು. ಎರಡು ಪೆಗ್ ಹಾಕಿದರೆ ಕಂಠ ಬಿಡುತ್ತದೆ ಎನ್ನುವವರಿದ್ದಾರೆ, ನಾಟಕದ ದಿನ ಒಂದು ಇಂಜೆಕ್ಷನ್ ಹಾಕಿಸು ಎನ್ನುವವರಿದ್ದಾರೆ. ಇನ್ನು ಇಪ್ಪತ್ತು ದಿನಕ್ಕೆ ಜಾತ್ರೆ, ಪಾತ್ರಕ್ಕೆ ದುಡ್ಡು ಕಟ್ಟಿದ್ದೇನೆ. ಆಪೆರಾದವರು ಮೈಕೇ ಇಲ್ಲದೆ ಮೂರು ಗಂಟೆ ಹಾಡುತ್ತಾರಂತೆ. ನನ್ನದೂ ಅಂಥದ್ದೇ ಕಂಠವಾದರೆ ನನಗೇಕೆ ಹೀಗೆ? ವಿಮರ್ಶಕರು ಸುಮ್ಮನೆ ಹೊಗಳಿದರೇ? (ಹೆಸರು ಬೇಡ)

ಉತ್ತರ: ಮೇಷ್ಟ್ರೇ, ಹೊಗಳಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಅದಕ್ಕೂ ಮೊದಲು ಆ ಐದು ವಾರ. ನೆಗಡಿ, ಕೆಮ್ಮಿನ ಜೊತೆ ಬಂದ ಒಡಕು ದನಿ ಎರಡು ಮೂರು ವಾರದಲ್ಲಿ ಹೋಗಬೇಕು. ನಾಲ್ಕು ವಾರ ದಾಟಿದರೆ ಕಾರಣ ಏನೇ ಇರಲಿ, ಕಿವಿ-ಮೂಗು-ಗಂಟಲು ವೈದ್ಯರು ಧ್ವನಿತಂತುಗಳನ್ನು ಕಣ್ಣಾರೆ ನೋಡಲೇಬೇಕು. ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ನೋಡುತ್ತಾರೆ, ಲ್ಯಾರಿಂಗೋಸ್ಕೋಪಿ ಎನ್ನುತ್ತಾರೆ. ಕೆಲವೇ ನಿಮಿಷದ ಕೆಲಸ, ಮಂಪರು ಬೇಕಿಲ್ಲ. ದಾವಣಗೆರೆಯಲ್ಲೂ ಆಗುತ್ತದೆ, ಚಿತ್ರದುರ್ಗದಲ್ಲೂ ಆಗುತ್ತದೆ. ಇನ್ನೊಂದು ಮಾತು. ನೀವು ಬರೆದಿಲ್ಲ, ನಾನು ಕೇಳಲೇಬೇಕು. ಅಡಿಕೆ, ತಂಬಾಕು, ಬೀಡಿ, ಗುಟ್ಕಾ ಇವುಗಳಲ್ಲಿ ಯಾವುದಾದರೂ ಉಂಟೇ? ಈ ಸೀಮೆಯಲ್ಲಿ ರಾತ್ರಿ ನಾಟಕಕ್ಕೆ ನಿದ್ದೆಗೆಡಲು ಬಾಯಿಗೆ ಏನಾದರೂ ಹಾಕಿಕೊಳ್ಳದವರನ್ನು ನಾನು ನೋಡಿದ್ದು ಕಡಿಮೆ. ಉಂಟು ಎಂದಾದರೆ ನಾಲ್ಕು ವಾರವನ್ನೂ ಕಾಯಬಾರದಿತ್ತು. ನಿಮ್ಮನ್ನು ಹೆದರಿಸುತ್ತಿಲ್ಲ, ನೀವು ಬರೆದಿರುವ ಲಕ್ಷಣ ಓದಿದರೆ ಇದು ದುಡಿಮೆಯಿಂದ ಬಂದ ಬಾವು ಎಂದೇ ಅನಿಸುತ್ತದೆ. ಆದರೆ ಅನಿಸಿದ್ದನ್ನು ನಂಬಿಕೊಂಡು ಔಷಧಿ ಮಾಡುವ ಕಾಲ ಹೋಯಿತು. ಕೆಳಗೆ ನಾನು ಬರೆಯುವುದೆಲ್ಲ ಆ ಪರೀಕ್ಷೆ ಆದ ಮೇಲಿನ ಮಾತು ಎಂದುಕೊಂಡೇ ಓದಿ.

ನಾನು ವೈದ್ಯೆಯಲ್ಲ, ಧ್ವನಿ ಚಿಕಿತ್ಸಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ದಾವಣಗೆರೆಗೆ ಬಂದವಳು. ನನ್ನ ಬಾಗಿಲಿಗೆ ಬರುವವರಲ್ಲಿ ಮೇಷ್ಟ್ರುಗಳದ್ದೇ ಮೊದಲ ಸಾಲು. ಆಮೇಲೆ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು, ಆಮೇಲೆ ನಾಟಕದವರು. ನೀವು ಒಂದೇ ಗಂಟಲಲ್ಲಿ ಎರಡು ಸಾಲಿನಲ್ಲಿ ನಿಂತಿದ್ದೀರಿ.

ಈಗ ಹೊಗಳಿಕೆ. ವಿಮರ್ಶಕರು ಸುಳ್ಳು ಬರೆದಿಲ್ಲ. ಅವರು ಮೆಚ್ಚಿದ್ದು ಒಂದನ್ನು, ನೀವು ಮನೆಗೆ ಹೊತ್ತುಕೊಂಡು ಹೋದದ್ದು ಇನ್ನೊಂದನ್ನು. ‘ಕಂಚಿನ ಕಂಠ’ ಎಂಬ ಮಾತನ್ನೇ ನೋಡಿ. ಕಬ್ಬಿಣದ ಕಂಠ ಎನ್ನಲಿಲ್ಲ, ಕಲ್ಲಿನ ಕಂಠ ಎನ್ನಲಿಲ್ಲ. ಕಂಚು ಎಂದರೆ ಗಂಟೆ, ಜಾಗಟೆ, ತಾಳ. ಬೆರಳ ತುದಿಯಿಂದ ತಟ್ಟಿದರೂ ಗುಡಿಯ ಆಚೆ ಬೀದಿಯವರೆಗೆ ನಾದ ಹೋಗುತ್ತದೆ. ಅದೇ ಜಾಗಟೆಯನ್ನು ಅಂಗೈಯಿಂದ ಒತ್ತಿ ಹಿಡಿದು ಹೊಡೆಯಿರಿ, ‘ಧಬ್’ ಎನ್ನುತ್ತದೆ ಅಷ್ಟೆ. ಎಂಟು ತಿಂಗಳಿಂದಲೋ ಹತ್ತು ತಿಂಗಳಿಂದಲೋ ನೀವು ಮಾಡುತ್ತಿರುವುದು ಈ ಒತ್ತಿ ಹಿಡಿಯುವ ಕೆಲಸ. ಆಪೆರಾ ವಿಮರ್ಶಕರೂ ಕಂಠವನ್ನು ಹೊಗಳಲು ಇದೇ ಗುಣಕ್ಕೆ ಇಟಾಲಿಯನ್ನಿನ ಒಂದು ಶಬ್ದ ಬಳಸುತ್ತಾರೆ, ‘ಸ್ಕ್ವಿಲ್ಲೋ’ ಎಂದು. ಅರ್ಥ ಗಂಟೆಯ ನಾದವೇ. ಅಲ್ಲಿಗೂ ಇಲ್ಲಿಗೂ ನಂಟಿಲ್ಲ, ಆದರೂ ಕಿವಿ ಒಂದೇ ಲೋಹವನ್ನು ಹುಡುಕಿಕೊಂಡಿದೆ.

ಬ್ಯಾರಿಟೋನ್ ಎಂಬುದು ಪದವಿಯಲ್ಲ, ಅಂಗಿಯ ಅಳತೆಯಂತೆ ಒಂದು ಅಳತೆ. ಗಂಡಸರ ದನಿಯಲ್ಲಿ ಮೇಲಿನದು ಟೆನರ್, ತೀರಾ ಕೆಳಗಿನದು ಬಾಸ್, ನಡುವಿನದು ಬ್ಯಾರಿಟೋನ್. ತರಬೇತಿ ಇಲ್ಲದ ಗಂಡಸರಲ್ಲಿ ಹೆಚ್ಚಿನವರು ಈ ನಡುವಿನ ಅಳತೆಗೇ ಬರುತ್ತಾರೆ. ಅದನ್ನು ನಿರ್ಧರಿಸುವುದು ಧ್ವನಿತಂತುಗಳ ಉದ್ದ, ದಪ್ಪ ಮತ್ತು ಮೇಲಿನ ಗಂಟಲಿನ ಆಕಾರ. ಎದೆಯ ಅಗಲ, ಮೀಸೆಯ ಉದ್ದ ಲೆಕ್ಕಕ್ಕಿಲ್ಲ. ಅಭ್ಯಾಸದಿಂದ ದನಿಯ ಹರವು ಮೇಲಕ್ಕೂ ಕೆಳಕ್ಕೂ ಸ್ವಲ್ಪ ಹಿಗ್ಗುತ್ತದೆ. ತಂತು ಮಾತ್ರ ಉದ್ದವಾಗುವುದಿಲ್ಲ.

ಹಾಗಾದರೆ ಬ್ಯಾರಿಟೋನ್‌ಗಳನ್ನು ವಿಮರ್ಶಕರು ಹೊಗಳುವುದು ಯಾತಕ್ಕೆ? ನಿಮಗೆ ಹುಚ್ಚು ಹಿಡಿಸಿದವರನ್ನೇ ತೆಗೆದುಕೊಳ್ಳೋಣ. ಹ್ವೊರೊಸ್ತೊವ್‌ಸ್ಕಿ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನವರು, ಹುಟ್ಟಿದ್ದು 1962ರಲ್ಲಿ. 1989ರಲ್ಲಿ ವೇಲ್ಸ್‌ನ ಕಾರ್ಡಿಫ್ ಗಾಯನ ಸ್ಪರ್ಧೆ ಗೆದ್ದು ಜಗತ್ತಿಗೆ ಪರಿಚಯವಾದರು. ಆ ವರ್ಷ ಅವರೆದುರು ಇದ್ದ ಇನ್ನೊಬ್ಬ ಬ್ರಿನ್ ಟರ್ಫೆಲ್, ಆಮೇಲೆ ಅಷ್ಟೇ ದೊಡ್ಡ ಹೆಸರು ಮಾಡಿದವರು. ಹ್ವೊರೊಸ್ತೊವ್‌ಸ್ಕಿಯ ಬಗ್ಗೆ ಬರೆದವರೆಲ್ಲ ಮತ್ತೆ ಮತ್ತೆ ಹೇಳಿದ್ದು ಉಸಿರಿನ ಬಗ್ಗೆ. ಒಂದೇ ಉಸಿರಿನಲ್ಲಿ ಉದ್ದನೆಯ ಸಾಲನ್ನು ಎಲ್ಲೂ ಹರಿಯದಂತೆ, ಎಣ್ಣೆ ಸುರಿದ ಹಾಗೆ ಎಳೆದುಕೊಂಡು ಹೋಗುವ ಬಗೆ. ಅದಕ್ಕೆ ‘ಲೆಗಾಟೋ’ ಎಂದು ಹೆಸರು. ಆ ದನಿ ಗಾತ್ರದಲ್ಲಿ ಭಾರೀ ದೊಡ್ಡದಲ್ಲ, ಇಟಲಿಯ ಆಪೆರಾ ಸಂಯೋಜಕ ವೆರ್ದಿಯ ಕೆಲವು ಪಾತ್ರಗಳಿಗೆ ಇನ್ನೂ ಭಾರ ಬೇಕಿತ್ತು ಎಂದವರೂ ಇದ್ದಾರೆ. ಉಸಿರು ಒಳಗೆ ಎಳೆದುಕೊಳ್ಳುವ ಸದ್ದು ಜೋರಾಗಿ ಕೇಳಿಸುತ್ತದೆ ಎಂದು ಗೊಣಗಿದವರೂ ಇದ್ದಾರೆ. ನೀವು ನಕಲು ಮಾಡಬೇಕಿದ್ದರೆ ಆ ಸಾಲಿನ ಉದ್ದವನ್ನು ಮಾಡಬೇಕಿತ್ತು. ಮಾಡಿದ್ದು ಬಣ್ಣವನ್ನು. ಅದೂ ಅಂಗೈಯಗಲದ ಮೊಬೈಲ್ ಸ್ಪೀಕರಿನಲ್ಲಿ ಕೇಳಿದ ಬಣ್ಣವನ್ನು. ಎರಡು ಸಾವಿರ ಜನ ಕೂತ ರಂಗಮಂದಿರದಲ್ಲಿ ಆ ದನಿ ಎಷ್ಟಿತ್ತು, ಆ ಫೋನಿನಲ್ಲಿ ಗೊತ್ತಾಗುವುದಿಲ್ಲ. ಸ್ಪೀಕರು ಎಲ್ಲರನ್ನೂ ಒಂದೇ ಗಾತ್ರಕ್ಕೆ ತರುತ್ತದೆ.

ಇನ್ನೊಂದು ಥರದ ಹೊಗಳಿಕೆಯೂ ಇದೆ. ಇಟಲಿಯ ತೀತೊ ಗೊಬ್ಬಿ (1913-1984) ಅವರ ಕಂಠ ಅತ್ಯಂತ ಸುಂದರ ಎಂದು ಯಾರೂ ಹೇಳಲಿಲ್ಲ. ಆದರೂ ಪುಚ್ಚಿನಿಯ ‘ತೋಸ್ಕಾ’ ಆಪೆರಾದ ದುಷ್ಟ ಅಧಿಕಾರಿ ಸ್ಕಾರ್ಪಿಯಾ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ಅವರೇ. ಒಂದೊಂದು ಮಾತಿಗೂ ದನಿಯ ಬಣ್ಣ ಬದಲಾಯಿಸುತ್ತಿದ್ದರು. ಸಭ್ಯನಾಗಿ ಮಾತಾಡುವಾಗಲೇ ವಿಷ ಇಣುಕುತ್ತಿತ್ತು. ಇನ್ನು ಸ್ವತಃ ವೆರ್ದಿಯ ಕಥೆ ಕೇಳಿ, ಇದು ನಿಮ್ಮ ಪಾತ್ರಕ್ಕೆ ಹತ್ತಿರದ್ದು. ‘ಮ್ಯಾಕ್‌ಬೆತ್’ ಆಪೆರಾವನ್ನು 1848ರಲ್ಲಿ ನೇಪಲ್ಸ್‌ನಲ್ಲಿ ಆಡಿಸುವಾಗ, ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಆರಿಸಿದ ಗಾಯಕಿ ತೀರಾ ಚೆನ್ನಾಗಿ ಹಾಡುತ್ತಾರೆ ಎಂದು ಆಕ್ಷೇಪ ಎತ್ತಿ ವೆರ್ದಿ ಕಾಗದ ಬರೆದರು. ತನಗೆ ಬೇಕಿರುವುದು ಒರಟು, ಅದುಮಿದ, ಕತ್ತಲು ತುಂಬಿದ ದನಿ ಎಂದರು. ಕೊಲೆಯ ನಂತರದ ಯುಗಳಗೀತೆಯನ್ನು ಅವರು ಬರೆದದ್ದೇ ಬಹುಪಾಲು ಪಿಸುದನಿಗೆ. ಇಡೀ ನಾಟಕದಲ್ಲೇ ಮೈ ಜುಮ್ಮೆನ್ನುವ ಜಾಗದಲ್ಲಿ ಮ್ಯಾಕ್‌ಬೆತ್ ಪಾತ್ರದ ಬ್ಯಾರಿಟೋನ್ ದನಿ ಎತ್ತುವ ಹಾಗಿಲ್ಲ! ನಿಮ್ಮ ದುರ್ಯೋಧನ ಎಲ್ಲವನ್ನೂ ಕಳೆದುಕೊಂಡು ಒಬ್ಬನೇ ವೈಶಂಪಾಯನ ಸರೋವರದ ದಂಡೆಗೆ ಬರುತ್ತಾನಲ್ಲ, ಅಲ್ಲಿಯೂ ನಮ್ಮವರು ಆಸ್ಥಾನದಲ್ಲಿ ಕೂಗಿದಷ್ಟೇ ಕೂಗುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇದು ಚಿಕಿತ್ಸಕಿಯ ಮಾತಲ್ಲ, ಚಾಪೆ ಹಾಸಿ ಮುಂದಿನ ಸಾಲಿನಲ್ಲಿ ಕೂತು ನೋಡುವವಳ ಮಾತು.

ಚಪ್ಪಾಳೆಯೆಲ್ಲ ಕಂಠಕ್ಕೇ ಬೀಳುತ್ತದೆ ಎಂದೂ ಇಲ್ಲ. 2015ರಲ್ಲಿ ಮಿದುಳಿನ ಗಡ್ಡೆಗೆ ಚಿಕಿತ್ಸೆ ಪಡೆಯುತ್ತಲೇ ಹ್ವೊರೊಸ್ತೊವ್‌ಸ್ಕಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದರು. ಅವರು ಕಾಣಿಸಿಕೊಂಡ ಕೂಡಲೇ, ಬಾಯಿ ತೆರೆಯುವ ಮೊದಲೇ ಸಭೆ ಚಪ್ಪಾಳೆ ಹೊಡೆಯಿತು, ಕೊನೆಯಲ್ಲಿ ವಾದ್ಯಗಾರರು ಕೆಳಗಿನಿಂದ ಬಿಳಿ ಹೂವು ಎಸೆದರು. ಎರಡು ವರ್ಷದಲ್ಲಿ ತೀರಿಕೊಂಡರು, 55 ವಯಸ್ಸು. ಆ ರಾತ್ರಿಯ ಹೊಗಳಿಕೆಯಲ್ಲಿ ಎಷ್ಟು ದನಿಗೆ, ಎಷ್ಟು ಧೈರ್ಯಕ್ಕೆ ಎಂದು ಯಾರು ತೂಗುತ್ತಾರೆ? ನಿಮ್ಮ ಬಗ್ಗೆ ಬರೆದವರೂ ಅವತ್ತು ನಿಮ್ಮ ನಿಲುವು, ಮಾತಿನ ತೂಕ, ಉಚ್ಚಾರ, ಕಂಠ ಎಲ್ಲ ಸೇರಿ ಕೊಟ್ಟ ಅನುಭವಕ್ಕೆ ಒಂದು ಹೆಸರು ಹುಡುಕಿ ‘ಬ್ಯಾರಿಟೋನ್’ ಎಂದರು. ಅವತ್ತು ನೀವು ಬ್ಯಾರಿಟೋನ್ ಆಗಲು ಏನೂ ಮಾಡಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ.

ಮೈಕಿಲ್ಲದೆ ಅವರು ಹೇಗೆ ಹಾಡುತ್ತಾರೆ ಎಂದು ಕೇಳಿದ್ದೀರಿ. ಬಲದಿಂದ ಎಂದು ಎಲ್ಲರೂ ಎಣಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಇಡೀ ವಾದ್ಯವೃಂದದ ಸದ್ದು ಅತಿ ಜೋರಾಗಿರುವುದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸು. ಅಲ್ಲಿಂದ ಮೇಲೆ ಹೋದಂತೆ ಅದು ಇಳಿಯುತ್ತದೆ. ತರಬೇತಾದ ಗಂಡು ಗಾಯಕನ ದನಿಯಲ್ಲಿ ಮೂಲ ಸ್ವರದ ಜೊತೆಗೆ 2,500ರಿಂದ 3,000 ಹರ್ಟ್ಸ್ ನಡುವೆ ಸದ್ದಿನ ಇನ್ನೊಂದು ಗುಡ್ಡ ಏಳುತ್ತದೆ. ವಾದ್ಯಗಳು ಖಾಲಿ ಬಿಟ್ಟ ಜಾಗ ಅದು. ಮನುಷ್ಯನ ಕಿವಿ ಬಹಳ ಚುರುಕಾಗಿರುವ ಜಾಗವೂ ಅದೇ. ಸಂತೆಯ ಗದ್ದಲದಲ್ಲಿ ಕಂಚಿನ ಗಂಟೆ ಕೇಳಿಸುವಂತೆ ಆ ದನಿ ಸಂದಿಯಲ್ಲಿ ದಾರಿ ಮಾಡಿಕೊಂಡು ಕೊನೆಯ ಸಾಲಿಗೆ ಹೋಗುತ್ತದೆ. ಈ ಗುಡ್ಡ ಹುಟ್ಟುವುದು ಧ್ವನಿತಂತುಗಳ ಮೇಲೇ ಇರುವ ಪುಟ್ಟ ಕೊಳವೆ ಕಿರಿದಾಗಿ, ಅದರಾಚೆಯ ಗಂಟಲು ಅಗಲವಾಗಿ ತೆರೆದಾಗ. ಅವರ ಧ್ವನಿಪೆಟ್ಟಿಗೆ ಕೊಂಚ ಕೆಳಗೇ ಇರುತ್ತದೆ, ನಿಮ್ಮ ಕಿವಿ ಅದನ್ನು ಸರಿಯಾಗಿಯೇ ಹಿಡಿದಿದೆ. ಆದರೆ ಅದು ಆಕಳಿಕೆ ಶುರುವಾಗುವಾಗ ತಾನಾಗಿ ಇಳಿಯುವ ಇಳಿತ. ನೀವು ನಾಲಿಗೆಯ ಬುಡದಿಂದ ಅದನ್ನು ಕೆಳಕ್ಕೆ ತುಳಿದಿದ್ದೀರಿ.

ಇದನ್ನು ಈಗಲೇ, ಕೂತಲ್ಲೇ ನೋಡಿಕೊಳ್ಳಬಹುದು. ಗದ್ದದ ಕೆಳಗಿನ ಮೆತ್ತನೆಯ ಜಾಗಕ್ಕೆ ಹೆಬ್ಬೆರಳು ಇಡಿ, ತೋರುಬೆರಳನ್ನು ಗಂಟಲಮಣಿಯ ಮೇಲೆ. ಫೋನಿನಲ್ಲಿ ಯಾರೋ ಮಾತಾಡುತ್ತಿರುವಾಗ ‘ಹೂಂ... ಹೂಂ’ ಎನ್ನುತ್ತೀರಲ್ಲ, ಹಾಗೆ ಹೂಂಗುಟ್ಟಿ. ಹೆಬ್ಬೆರಳಿನ ಕೆಳಗೆ ಏನೂ ಗಟ್ಟಿಯಾಗುವುದಿಲ್ಲ. ಈಗ ದುರ್ಯೋಧನನ ಮೊದಲ ಮಾತನ್ನು ನಿಮ್ಮ ಹೊಸ ದನಿಯಲ್ಲಿ ಹೇಳಿ. ಗದ್ದದ ಕೆಳಗೆ ಕಲ್ಲಿನಂತೆ ಉಬ್ಬಿ ಬಂದು, ಗಂಟಲಮಣಿ ಜಗ್ಗಿದಂತೆ ಕೆಳಗೆ ಹೋದರೆ ನಾನು ಹೇಳುತ್ತಿರುವುದು ಅದೇ. ಇದು ಪಕ್ಕಾ ರೋಗನಿರ್ಣಯವಲ್ಲ, ಒಂದು ಸುಳಿವು. ನನ್ನ ಎದುರು ಕೂತು ಈ ಪ್ರಯೋಗ ಮಾಡಿದ ನಾಟಕದವರು ಬಹುತೇಕ ತಾವೇ ನಕ್ಕಿದ್ದಾರೆ.

ಆದರೂ ಬರೀ ಆ ನಕಲಿನಿಂದ ಇಷ್ಟೆಲ್ಲ ಆಯಿತು ಎಂದು ನನಗೆ ಅನಿಸುವುದಿಲ್ಲ. ಇನ್ನೊಂದು ಆರೋಪಿ ಹಾರ್ಮೋನಿಯಂ. ನೀವು ಯಾವ ಶ್ರುತಿ ಎಂದು ಬರೆದಿಲ್ಲ. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ‘ಕರಿ 3’, ಅಂದರೆ ಹಾರ್ಮೋನಿಯಂನ ಮೂರನೇ ಕರಿ ಮನೆಯ ಶ್ರುತಿ, ಹಿಡಿದು ಕೂತ ಮಾಸ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಮೈಕಿಲ್ಲದ ಕಾಲದಲ್ಲಿ ಕಂಪನಿ ನಾಟಕದವರು ಕೊನೆಯ ಬೆಂಚಿಗೆ ಕೇಳಲೆಂದು ಶ್ರುತಿ ಏರಿಸಿ ಹಾಡಿದರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು, ಅದರ ಮಹಿಮೆ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮೈಕು ಬಂತು, ಶ್ರುತಿ ಮಾತ್ರ ಇಳಿಯಲಿಲ್ಲ. ಕರಿ 3ರಲ್ಲಿ ಮಧ್ಯ ಷಡ್ಜ, ಅಂದರೆ ನಡುವಿನ ‘ಸ’, ಸುಮಾರು 185 ಹರ್ಟ್ಸ್. ತಾರ ಷಡ್ಜ, ಅಂದರೆ ಮೇಲಿನ ‘ಸ’, 370. ತಂತುಗಳು ಸೆಕೆಂಡಿಗೆ 370 ಸಲ ಒಂದಕ್ಕೊಂದು ಬಡಿಯಬೇಕು. ಕಂದಪದ್ಯದ ಕೊನೆಯಲ್ಲಿ ಚಪ್ಪಾಳೆಗೆಂದು ತಾರದ ಗಾಂಧಾರಕ್ಕೆ (ಮೇಲಿನ ‘ಗ’) ಹೋಗಿ ನಿಲ್ಲುತ್ತೀರಲ್ಲ, ಅದು ಸುಮಾರು 466. ವೆರ್ದಿ ತನ್ನ ಬ್ಯಾರಿಟೋನ್‌ಗಳಿಂದ ಸಾಮಾನ್ಯವಾಗಿ ಕೇಳಿದ ಮೇಲಿನ ಸ್ವರ 392, ಹೆಚ್ಚೆಂದರೆ ಅದರಾಚೆ ಒಂದೋ ಎರಡೋ ಸ್ವರಸ್ಥಾನ. ಅದೂ ವರ್ಷಾನುಗಟ್ಟಲೆ ಅದೊಂದೇ ಕೆಲಸ ಮಾಡಿದವರಿಂದ. ವೆರ್ದಿಯೇ ಕೇಳಲು ಹಿಂಜರಿದದ್ದನ್ನು ಇಡೀ ದಿನ ಅಶೋಕನ ಶಾಸನ ಪಾಠ ಮಾಡಿ ಬಂದ ಮೇಷ್ಟ್ರಿಂದ ನಮ್ಮ ಹಾರ್ಮೋನಿಯಂ ಮಾಸ್ಟರು ರಾತ್ರಿ ಎರಡು ಗಂಟೆಗೆ ಕೇಳುತ್ತಾರೆ!

ಮೊದಲೆಲ್ಲ ಇದನ್ನೇ ಹಾಡುತ್ತಿದ್ದೆನಲ್ಲ ಎಂದು ನೀವು ಕೇಳಬಹುದು. ಹಾಡುತ್ತಿದ್ದಿರಿ, ತೆಳುವಾದ ದನಿಯಲ್ಲಿ. ಮೇಲಿನ ಸ್ವರಕ್ಕೆ ತಂತು ಉದ್ದಕ್ಕೆ ಎಳೆದು ತೆಳ್ಳಗಾಗಬೇಕು. ಈಗ ದಪ್ಪ ದನಿಯ ಆಸೆಗೆ ತಂತನ್ನು ದಪ್ಪವಾಗಿಯೇ ಹಿಡಿದುಕೊಂಡು ಅದೇ ಗಾಂಧಾರಕ್ಕೆ ನುಗ್ಗುತ್ತಿದ್ದೀರಿ. ಗೇರ್ ಬದಲಾಯಿಸದೆ ಲಾರಿಯನ್ನು ಘಾಟಿ ಹತ್ತಿಸಿದ ಹಾಗೆ. ಮೇಲಿನ ಸ್ವರದಲ್ಲಿ ಬರೀ ಗಾಳಿ ಬರುವುದು ಬಾವಿನ ಹಳೆಯ ಗುರುತು. ಊದಿಕೊಂಡ ಅಂಚುಗಳು ಪೂರ್ತಿ ಕೂಡುವುದಿಲ್ಲ, ಸಂದಿಯಿಂದ ಉಸಿರು ಸೋರುತ್ತದೆ.

ಇದರ ಮೇಲೆ ತೂಗುಮೈಕು. ರಂಗದ ಮೇಲೆ ತಲೆಗಿಂತ ಎರಡಡಿ ಎತ್ತರಕ್ಕೆ ದಾರದಲ್ಲಿ ಇಳಿಬಿಟ್ಟಿರುತ್ತಾರೆ. ಕಿರೀಟ ಸರಿಮಾಡಿಕೊಂಡು, ಗದ್ದ ಎತ್ತಿ, ಅದನ್ನೇ ದಿಟ್ಟಿಸುತ್ತ ಹಾಡುವ ದುರ್ಯೋಧನರನ್ನು ನೀವೂ ನೋಡಿದ್ದೀರಿ. ಗದ್ದ ಎತ್ತಿದರೆ ಕತ್ತಿನ ಮುಂಭಾಗದ ಸ್ನಾಯು ಬಿಗಿಯುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುವುದರಿಂದ ನಿಮ್ಮ ದನಿ ನಿಮಗೇ ಕೇಳುವುದಿಲ್ಲ, ಬಯಲಾದ್ದರಿಂದ ಗೋಡೆಗೆ ಬಡಿದು ವಾಪಸೂ ಬರುವುದಿಲ್ಲ. ಕೇಳದಿದ್ದಾಗ ಮನುಷ್ಯ ತಿಳಿಯದೆಯೇ ದನಿ ಏರಿಸುತ್ತಾನೆ. ಪರದೆಯ ಹಿಂದೆ ಜನರೇಟರ್ ಹೊಗೆ, ಯುದ್ಧದ ದೃಶ್ಯಕ್ಕೆ ಪಟಾಕಿಯ ಹೊಗೆ, ಚಿತ್ರದುರ್ಗ ಸೀಮೆಯ ಒಣಗಾಳಿ ಬೇರೆ. ನಾಟಕ ಮುಗಿಸಿ ಹಸಿದ ಹೊಟ್ಟೆಗೆ ಮಿರ್ಚಿ-ಮಂಡಕ್ಕಿ ತಿಂದು ಹಾಗೇ ಉರುಳಿದರೆ ಬೆಳಗಿನ ತನಕ ಹೊಟ್ಟೆಯ ಆಮ್ಲ ಗಂಟಲವರೆಗೆ ಬಂದು ಹೋಗುತ್ತದೆ. ದಾವಣಗೆರೆಯಲ್ಲಿ ಕೂತು ಮಿರ್ಚಿ ಬಿಡಿ ಎಂದು ಬರೆಯುವಷ್ಟು ಧೈರ್ಯ ನನಗಿಲ್ಲ, ತಿಂದ ಮೇಲೆ ಎರಡು ಮೂರು ಗಂಟೆ ಮಲಗಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮನೆಮದ್ದುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮೊಟ್ಟೆಯಾಗಲಿ ಕಷಾಯವಾಗಲಿ ಜೇನಾಗಲಿ, ನುಂಗಿದ್ದು ಹೋಗುವುದು ಅನ್ನನಾಳಕ್ಕೆ. ಧ್ವನಿತಂತು ಇರುವುದು ಉಸಿರಿನ ನಾಳದಲ್ಲಿ. ಒಂದು ಹನಿ ನೀರು ಅಲ್ಲಿ ಬಿದ್ದರೂ ನೆತ್ತಿಗೇರಿ ಕೆಮ್ಮುತ್ತೀರಿ. ಹಾಗಾಗಿ ಅವು ಯಾವುವೂ ತಂತಿಗೆ ಎಣ್ಣೆ ಸವರುವುದಿಲ್ಲ, ಬಾಯಿ ಮುಕ್ಕಳಿಸುವುದೂ ಅಲ್ಲಿಗೆ ತಲುಪುವುದಿಲ್ಲ. ಬಿಸಿ ಕಷಾಯದಿಂದ ಮೇಲಿನ ಗಂಟಲಿಗೆ ಹಿತವಾಗುತ್ತದೆ, ಅದನ್ನು ಬೇಡ ಎನ್ನಲಾರೆ. ಹಬೆ ತೆಗೆದುಕೊಳ್ಳುವುದು ಒಳ್ಳೆಯದು, ಉಸಿರಿನ ಜೊತೆ ಹೋಗುವುದರಿಂದ ಅದು ನಿಜಕ್ಕೂ ಅಲ್ಲಿಗೆ ಮುಟ್ಟುತ್ತದೆ. ಇನ್ನು ಎರಡು ಪೆಗ್. ಅದು ಬಿಡಿಸುವುದು ಕಂಠವನ್ನಲ್ಲ, ಹಿಡಿತವನ್ನು. ನೋವು ಗೊತ್ತಾಗದೆ ಇನ್ನಷ್ಟು ಕೂಗುತ್ತೀರಿ. ಪಿಸುಮಾತು ಆಡಿದರೆ ದನಿಗೆ ವಿಶ್ರಾಂತಿ ಎಂಬುದೂ ಪೂರ್ತಿ ನಿಜವಲ್ಲ, ಒತ್ತಿ ಪಿಸುಗುಡುವುದು ಹಲವರಲ್ಲಿ ಮೆಲುದನಿಯ ಮಾತಿಗಿಂತ ಹೆಚ್ಚು ಬಿಗಿ ತರುತ್ತದೆ.

ಇಂಜೆಕ್ಷನ್ ಬೇರೆ ವಿಷಯ. ಅದು ಸ್ಟಿರಾಯ್ಡ್. ಕೆಲಸ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ದೊಡ್ಡ ಆಪೆರಾ ಮನೆಗಳ ಗಾಯಕರೂ ತುರ್ತಿನಲ್ಲಿ ತೆಗೆದುಕೊಂಡದ್ದುಂಟು, ವೈದ್ಯರು ತಂತು ನೋಡಿದ ಮೇಲೆ. ನೋಡದೆ ಹಾಕಿಸಿಕೊಂಡರೆ ಬಾವು ಒಂದು ರಾತ್ರಿಗೆ ಇಳಿದು, ಎಲ್ಲ ಸರಿಹೋಯಿತು ಎನ್ನುವ ಭ್ರಮೆಯಲ್ಲಿ ನೀವು ಗಾಂಧಾರಕ್ಕೆ ಹೋಗುತ್ತೀರಿ. ಒಳಗೆ ಉಬ್ಬಿದ ರಕ್ತನಾಳ ಇದ್ದರೆ ಅದು ಒಡೆಯಬಹುದು. ತಂತಿನಲ್ಲಿ ರಕ್ತ ಹರಿದ ದಿನದಿಂದ ಪೂರ್ತಿ ಮೌನ, ಒಂದು ಮಾತೂ ಆಡುವಂತಿಲ್ಲ. ಕಲೆ ಉಳಿದರೆ ದನಿ ಹಳೆಯದಾಗಿ ವಾಪಸಾಗುತ್ತದೆ ಎಂಬ ಭರವಸೆ ಇಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರುತ್ತದೆ. ನಾಟಕದ ದಿನ ತಲೆನೋವೆಂದು ಆಸ್ಪಿರಿನ್ ನುಂಗುವುದೂ ರಕ್ತ ಹರಿಯುವ ಅಪಾಯ ಹೆಚ್ಚಿಸುತ್ತದೆ. ಒಂದು ಜಾತ್ರೆಗೆ ಇಷ್ಟು ಬೆಲೆ ಕೊಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ನಾನಾದರೆ ಕೊಡುವುದಿಲ್ಲ.

ಹಾಗಾದರೆ ಇಪ್ಪತ್ತು ದಿನದಲ್ಲಿ ಏನು ಮಾಡಬಹುದು? ಈ ವಾರವೇ ಪರೀಕ್ಷೆ. ಅದರಲ್ಲಿ ಬರೀ ಬಾವು ಕಂಡರೆ ದಾರಿ ಸಲೀಸು. ಗಂಟುಗಳು ಕಂಡರೂ ಗಾಬರಿ ಬೇಡ. ಎರಡೂ ತಂತುಗಳ ನಡುವಿನ ಅಂಚಿನಲ್ಲಿ ಏಳುವ ಈ ಗಂಟು ಅಂಗೈಯಲ್ಲಿ ಗುದ್ದಲಿ ಹಿಡಿದು ಏಳುವ ಜಡ್ಡಿನಂಥದ್ದು, ಹೆಚ್ಚಿನವು ದನಿಯ ಬಳಕೆ ಬದಲಾದರೆ ಇಳಿಯುತ್ತವೆ. ಆದರೆ ಅದಕ್ಕೆ ಇಪ್ಪತ್ತು ದಿನ ಸಾಲದು, ಎರಡು ಮೂರು ತಿಂಗಳ ಚಿಕಿತ್ಸೆ ಬೇಕು. ಒಂದು ಬದಿಯಲ್ಲಿ ಗುಳ್ಳೆಯಂತೆ ಪಾಲಿಪ್ ಇದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರಬಹುದು. ಅದನ್ನು ಮಾಡಿಸಿ ಬಳಕೆ ಬದಲಾಯಿಸದಿದ್ದರೆ ಮತ್ತೆ ಬರುತ್ತದೆ. ಕತ್ತರಿ ಒಂದು ಎಳೆ ಹೆಚ್ಚು ಆಳಕ್ಕೆ ಹೋದರೆ ತಂತು ಗಡುಸಾಗುತ್ತದೆ. ಆದ್ದರಿಂದ ಗಾಯಕರ ತಂತು ಮುಟ್ಟಿ ಅಭ್ಯಾಸ ಇರುವ ವೈದ್ಯರನ್ನೇ ಹುಡುಕಿ.

ಬಾವು ಮಾತ್ರ ಎಂದಾದರೆ ಮೊದಲ ಹತ್ತು ದಿನ ಹಾಡು ಬೇಡ, ಕೂಗು ಬೇಡ. ಪೂರ್ತಿ ಮೌನವನ್ನು ನಾನು ಹೇಳುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಕಲಾವಿದರಿಗೆ ಪುಸ್ತಕದಲ್ಲಿದ್ದಂತೆ ಒಂದು ತಿಂಗಳು ಬಾಯಿ ತೆರೆಯಬೇಡಿ ಎಂದುಬಿಟ್ಟೆ. ಅವರಿಗೆ ಪಾತ್ರವೂ ಹೋಯಿತು, ಮನೆಯಲ್ಲಿ ಜಗಳವೂ ಆಯಿತು, ನನ್ನ ಹತ್ತಿರ ಮತ್ತೆ ಬರಲೂ ಇಲ್ಲ. ರಕ್ತ ಹರಿದಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಮೌನ ಸರಿ. ಉಳಿದಂತೆ ಮೆಲ್ಲಗೆ, ಎದುರು ಕೂತವರಿಗೆ ಕೇಳುವಷ್ಟು ಮಾತಾಡಿ. ತರಗತಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರು, ಬಾಯಿ ಹತ್ತಿರ ನಿಲ್ಲುವ ಮೈಕು ಸಿಗುತ್ತದೆ, ತೆಗೆದುಕೊಳ್ಳಿ. ಮಕ್ಕಳು ಮೊದಲ ದಿನ ನಗುತ್ತಾರೆ, ಎರಡನೇ ದಿನ ಮರೆಯುತ್ತಾರೆ. ದನಿ ಏರಿಸಿ ಪಾಠ ಮಾಡುವಾಗ ತಂತು ಸೆಕೆಂಡಿಗೆ 150 ಸಲ ಬಡಿಯುತ್ತದೆ ಎಂದಿಟ್ಟುಕೊಂಡರೂ, ಒಂದು ಗಂಟೆಯ ಮಾತಿಗೆ ಐದು ಲಕ್ಷದ ಮೇಲಾಯಿತು. ರಾತ್ರಿಯ ನಾಟಕ ಶುರುವಾಗುವುದು ಆ ಲೆಕ್ಕದ ಮೇಲೆ.

ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ, ಒಂದು ಅಭ್ಯಾಸ. ಅರ್ಧ ಲೋಟ ನೀರಿಗೆ ಜ್ಯೂಸ್ ಕುಡಿಯುವ ಕೊಳವೆಯನ್ನು ಎರಡು ಬೆರಳಗಲ ಮುಳುಗಿಸಿ, ತುಟಿ ಬಿಗಿದು ‘ಊ’ ಎನ್ನುತ್ತ ಊದಿ. ಗುಳ್ಳೆಗಳು ಒಂದೇ ಸಮ ಬರಬೇಕು, ಮೂಗಿನಿಂದ ಗಾಳಿ ಹೋಗಬಾರದು. ಆ ಊಕಾರವನ್ನೇ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿ. ಕೊಳವೆಯಿಂದ ವಾಪಸ್ ತಳ್ಳುವ ಒತ್ತಡದಿಂದ ತಂತುಗಳು ಗುದ್ದಾಡದೆ ಮೃದುವಾಗಿ ಸೇರುತ್ತವೆ. ನೋಡುವವರಿಗೆ ಮಕ್ಕಳಾಟ, ಆದರೆ ಜಗತ್ತಿನ ಎಷ್ಟೋ ಆಪೆರಾ ಗಾಯಕರು ರಂಗದ ಹಿಂದೆ ಇದನ್ನೇ ಮಾಡುತ್ತ ನಿಂತಿರುತ್ತಾರೆ. ನೋವಾದರೆ, ದನಿ ಇನ್ನೂ ಕೆಟ್ಟರೆ ನಿಲ್ಲಿಸಿ.

ಹತ್ತು ದಿನದ ಮೇಲೆ ದನಿ ತಿಳಿಯಾಯಿತು, ವೈದ್ಯರೂ ಒಪ್ಪಿದರು ಎಂದರೆ ಜಾತ್ರೆಯಲ್ಲಿ ಅರ್ಧ ದುರ್ಯೋಧನ ಆಗಿ. ನಮ್ಮಲ್ಲಿ ಕೃಷ್ಣ 1, ಕೃಷ್ಣ 2 ಎಂದು ಒಂದೇ ಪಾತ್ರಕ್ಕೆ ಇಬ್ಬರು ನಿಲ್ಲುವುದು ಹೊಸದೇನಲ್ಲ. ಆಸ್ಥಾನದ ಗದ್ದಲವನ್ನು ದುರ್ಯೋಧನ 1ಕ್ಕೆ ಬಿಟ್ಟು ಸರೋವರದ ದೃಶ್ಯ ನೀವು ಇಟ್ಟುಕೊಳ್ಳಿ. ಕಟ್ಟಿದ ದುಡ್ಡಿನಲ್ಲಿ ಅರ್ಧ ಅವರಿಂದ ಬರುತ್ತದೆ, ಅದೂ ಲಾಭವೇ. ಹಾಡುಗಳಲ್ಲಿ ಅರ್ಧ ಕಡಿಮೆ ಮಾಡಿ, ಉಳಿದ ಪದ್ಯಗಳ ಕೊನೆಯ ಹಾರಿಕೆ ಬಿಡಿ. ತೂಗುಮೈಕಿನ ಬದಲು ಕಾಲರ್ ಮೈಕ್ ಕೇಳಿ, ಒಂದು ಸ್ಪೀಕರನ್ನು ನಿಮ್ಮ ಕಡೆ ತಿರುಗಿಸಲು ಮೈಕ್‌ಸೆಟ್ಟಿನವರಿಗೆ ಹೇಳಿ. ಇಷ್ಟು ಮಾಡಿದರೂ ಒಂದು ರಾತ್ರಿಗೆ ದನಿ ಕೈಕೊಡುವ ಸಾಧ್ಯತೆ ಇದ್ದೇ ಇದೆ. ಕೈಕೊಟ್ಟರೆ ಅಲ್ಲೇ ನಿಲ್ಲಿಸಬೇಕು, ಇನ್ನೊಬ್ಬ ದುರ್ಯೋಧನ ಬಣ್ಣ ಹಚ್ಚಿಕೊಂಡು ತಯಾರಿರಬೇಕು. ಆಪೆರಾದಲ್ಲಿ ದೊಡ್ಡ ಪಾತ್ರ ಹಾಡಿದವರಿಗೆ ಎರಡು ಪ್ರದರ್ಶನದ ನಡುವೆ ಸಾಮಾನ್ಯವಾಗಿ ಎರಡು ಮೂರು ದಿನ ಬಿಡುವು ಕೊಡುತ್ತಾರೆ, ಬದಲಿ ಗಾಯಕರೂ ಕಾದಿರುತ್ತಾರೆ. ಹತ್ತು ದಿನವಾದರೂ ದನಿ ತಿಳಿಯಾಗದಿದ್ದರೆ ಈ ವರ್ಷದ ಜಾತ್ರೆಗೆ ಪಾತ್ರ ಬಿಟ್ಟುಕೊಡಿ. ಪಾತ್ರ ಬಿಟ್ಟರೆ ಜನ ಏನಂದಾರು ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಎಲ್ಲಕ್ಕಿಂತ ಕಷ್ಟದ್ದು ಶ್ರುತಿ. ನಿಮ್ಮ ಹಾಡುಗಳಿಗಾದರೂ ಕರಿ 1ಕ್ಕೆ ಇಳಿಸಲು ಕೇಳಿ, ಐದು ಸ್ವರಸ್ಥಾನ ಕೆಳಗೆ. ಅಲ್ಲಿ ತಾರ ಷಡ್ಜ 277, ಗಾಂಧಾರ 350ರ ಹತ್ತಿರ. ನಿಮ್ಮ ಕಂಠದ ಕಂಚು ಮೊಳಗುವುದು ಅಲ್ಲಿ, ಏಕೆಂದರೆ ಒತ್ತದೆ ಬಿಟ್ಟ ದನಿಯಲ್ಲೇ ಮೇಲೆ ಹೇಳಿದ ಆ ಗುಡ್ಡ ಏಳಲು ಅವಕಾಶ. ಶ್ರುತಿ ಇಳಿಸಿದರೆ ಹಾಡು ಸಪ್ಪೆಯಾಗುತ್ತದೆ, ದ್ರೌಪದಿಗೆ ಹೊಂದುವುದಿಲ್ಲ, ಹಿಂದಿನವರು ಹೀಗೆ ಹಾಡಲಿಲ್ಲ ಎಂದು ಮಾಸ್ಟರು ಮೂರು ಕಾರಣ ಕೊಡುತ್ತಾರೆ. ದ್ರೌಪದಿಯದು ನ್ಯಾಯವಾದ ಮಾತು, ಇಬ್ಬರೂ ಕೂಡಿ ಹಾಡುವ ಪದ್ಯವಿದ್ದರೆ ಅದನ್ನು ಅವರ ಶ್ರುತಿಯಲ್ಲೇ ಬಿಟ್ಟು ನೀವು ಮಾತಿನಲ್ಲಿ ಹೇಳಿ. ಉಳಿದ ಎರಡಕ್ಕೆ ವಾದ ಮಾಡಿ ದನಿ ಕೆಡಿಸಿಕೊಳ್ಳಬೇಡಿ. ಚಹಾ ತರಿಸಿ, ಕರಿ 3ರಲ್ಲಿ ಆ ಗಾಂಧಾರವನ್ನು ಅವರೇ ಒಂದು ಸಲ ಹಾಡಿ ತೋರಿಸಲಿ ಎಂದು ಕೇಳಿ ನೋಡಿ.